ನಾರ್ವೆ ಹುಡುಗಿಗೆ ಕುವೈತಿನಲ್ಲಿ ಬಾಣಂತನ

ಕುವೈತಿನಲ್ಲಿ ಮೂರು ಕಾರು ಇಟ್ಟುಕೊಂಡವರನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದೇ ಒಂದು ಕುದುರೆ ಇಟ್ಟುಕೊಂಡು ನೋಡಿ, ವಾರಕ್ಕೊಂದು ನಗೆಪಾಟಲು ಮನೆ ಹುಡುಕಿಕೊಂಡು ಬರುತ್ತದೆ.

ನಾನು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರು. ನಮ್ಮ ಯಜಮಾನರು, ಅಂದರೆ ಇವರು, ಬ್ಯಾಂಕೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾರೆ. ನಮ್ಮಿಬ್ಬರ ವಂಶದಲ್ಲೂ ಕುದುರೆ ಸಾಕಿದವರಿಲ್ಲ. ಆದರೆ ಇವರಿಗೆ ನಡುವಯಸ್ಸಿನಲ್ಲಿ ಸವಾರಿಯ ಹುಚ್ಚು ಹತ್ತಿತು. ಶುಕ್ರವಾರ ಬಂತೆಂದರೆ ಊರಾಚೆ ಮರಳುಗಾಡಿನ ಕಬ್ದ್ ಕಡೆಯ ಲಾಯಗಳಿಗೆ ಓಟ. ಅಲ್ಲಿ ಪರಿಚಯವಾದ ನಾರ್ವೆ ದೇಶದ ದಂಪತಿ ಕೆಲಸ ಮುಗಿಸಿ ಊರಿಗೆ ಹೊರಟಾಗ, ತಮ್ಮ ಫ್ಯೋರ್ಡ್ ಜಾತಿಯ ಹೆಣ್ಣು ಕುದುರೆಯನ್ನು ಮತ್ತೊಮ್ಮೆ ವಿಮಾನ ಹತ್ತಿಸಲು ಮನಸ್ಸಾಗದೆ, ಇವರ ಕೈಗೆ ಹಗ್ಗ ಕೊಟ್ಟು ಕಣ್ಣೊರೆಸಿಕೊಂಡು ಹೋದರು.

ಅವಳ ನಾರ್ವೆ ಹೆಸರು ನಮ್ಮ ಅತ್ತೆಯವರ ನಾಲಿಗೆಯಲ್ಲಿ ಹೊರಳಲಿಲ್ಲ. ಮೈಸೂರಿನಿಂದ ವಿಡಿಯೋದಲ್ಲಿ ನೋಡಿದವರೇ, "ಬೆಳ್ಳಗೆ, ದುಂಡುದುಂಡಗೆ ಲಕ್ಷಣವಾಗಿದ್ದಾಳೆ. ಗೌರಿ ಅನ್ನಿ," ಎಂದರು. ಗೌರಿಯಾದಳು. ಬೇಸಿಗೆಯಲ್ಲಿ ಅವಳ ಲಾಯದ ಎ.ಸಿ. ನಮ್ಮ ಫಿಂಟಾಸ್ ಮನೆಯ ಎ.ಸಿ.ಗಿಂತ ಚೆನ್ನಾಗಿ ಓಡುತ್ತದೆ. ಆ ವಿಷಯ ಮಾತ್ರ ಅತ್ತೆಯವರಿಗೆ ಹೇಳಿಲ್ಲ.

೧. ಕ್ಷೌರ

"ನಮ್ಮದೊಂದು ಕುದುರೆ ಇದೆ" ಎಂದಾಗ ನಮ್ಮ ಕನ್ನಡ ಬಳಗದವರ ಕಣ್ಣ ಮುಂದೆ ಬಂದದ್ದು ಅರಬ್ಬೀ ಕುದುರೆ. ಎತ್ತರದ ಮೈಕಟ್ಟು, ತೆಳ್ಳಗಿನ ಸೊಂಟ, ಗಾಳಿಗೆ ಹಾರುವ ಜೂಲು. ಮೊದಲ ಶುಕ್ರವಾರವೇ ಮಕ್ಕಳಿಗೆ ಪೇಟ, ಶೆರ್ವಾನಿ ತೊಡಿಸಿ ಫೋಟೋ ತೆಗೆಸಲು ಕಾರು ಕಾರು ಜನ ಬಂದಿಳಿದರು.

ಗೌರಿ ಹೊರಗೆ ಬಂದಳು. ಗಿಡ್ಡ ಕಾಲು, ಪೀಪಾಯಿಯಂಥ ಹೊಟ್ಟೆ, ಕೆನೆ ಬಣ್ಣ. ಜೂಲು ಹಾರುವ ಮಾತೇ ಇಲ್ಲ, ಪೊರಕೆ ನೆಟ್ಟ ಹಾಗೆ ಕತ್ತಿನ ಮೇಲೆ ನೆಟ್ಟಗೆ ನಿಂತಿದೆ. ಪೇಟ ತೊಟ್ಟ ಮಗುವೊಂದು ಅಳಲು ಶುರು ಮಾಡಿತು.

ಇವರು ಗಂಟಲು ಸರಿಮಾಡಿಕೊಂಡು ವಿವರಿಸಿದರು. "ಇದೇ ಈ ಜಾತಿಯ ವಿಶೇಷ. ಜೂಲಿನ ನಡುವೆ ಕಪ್ಪು, ಎರಡೂ ಪಕ್ಕ ಬಿಳಿ. ಬಿಳಿಯನ್ನ ಸ್ವಲ್ಪ ತಗ್ಗಿಸಿ, ಕಪ್ಪು ಮೇಲೆ ಕಾಣೋ ಹಾಗೆ ಕಮಾನಿನ ಆಕಾರದಲ್ಲಿ ಕತ್ತರಿಸ್ಬೇಕು. ಸಾವಿರಾರು ವರ್ಷದ ಪದ್ಧತಿ." ಅಂದು ಬೆಳಿಗ್ಗೆ ಕತ್ತರಿಸಿದ್ದು ಸ್ವತಃ ಇವರೇ. ಹಾಗಾಗಿ ಕಮಾನು ಇರಬೇಕಾದ ಕಡೆ ಮೆಟ್ಟಿಲುಗಳಿದ್ದವು.

ನಮ್ಮ ಮೇಲಿನ ಮನೆಯಲ್ಲಿ ಮಂಗಳೂರಿನವರೊಬ್ಬರಿದ್ದಾರೆ. ಬಾಯಿಗೆ ಬಂದದ್ದನ್ನು ಒಳಗಿಟ್ಟುಕೊಂಡು ಅಭ್ಯಾಸವಿಲ್ಲದ ಹೆಂಗಸು. ಗೌರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ಅಕ್ಕಾ, ಮುಡಿ ಕೊಡುವ ಹರಕೆ ಅರ್ಧದಲ್ಲೇ ನಿಲ್ಲಿಸಿದ್ದಾ ಎಂತ?" ಎಂದರು.

"ಹರಕೆ ಅಲ್ಲಮ್ಮ, ನಾರ್ವೆ ಸ್ಟೈಲ್!" ಎಂದರು ಇವರು, ಮುಖ ಕೆಂಪಗೆ ಮಾಡಿಕೊಂಡು.

"ಹೌದಾ? ಅಲ್ಲಿ ಕತ್ತರಿಗೆ ಸಾಣೆ ಹಿಡಿಯುವವರಿಲ್ವಾ ಮಾರಾಯ್ರೆ?"

೨. ಸವಾರಿಯ ಸುಖ

ಆಮೇಲೆ ಬಳಗದವರಿಗೂ ಗೌರಿಯ ಮೇಲೆ ಪ್ರೀತಿ ಬಂತು. ಬಾರದೆ ಏನು? ಒದೆಯುವುದಿಲ್ಲ, ಕಚ್ಚುವುದಿಲ್ಲ. ಬೆನ್ನು ನಮ್ಮ ಮನೆಯ ದಿವಾನದಷ್ಟೇ ಅಗಲ. ಮಗು ಹತ್ತಿದರೂ ಅಜ್ಜಿ ಹತ್ತಿದರೂ ಒಂದೇ ನಡಿಗೆ. ಅವಳಿಗಿದ್ದ ಒಂದೇ ದೌರ್ಬಲ್ಯ ತಿಂಡಿ.

ಅವಳನ್ನು ನೋಡಿಕೊಳ್ಳುವ ಪಶುವೈದ್ಯೆ ಈಜಿಪ್ಟಿನವರು, ಖಡಕ್ ಹೆಂಗಸು. "ಈ ಜಾತಿ ಗಾಳಿ ಕುಡಿದೇ ದಪ್ಪ ಆಗುತ್ತೆ. ಅಳತೆಯ ಹುಲ್ಲು ಬಿಟ್ಟರೆ ಬೇರೆಲ್ಲ ಖಲಾಸ್!" ಎಂದು ಕಟ್ಟಪ್ಪಣೆ ಮಾಡಿದ್ದರು. ನಮ್ಮ ಜನ ಕೇಳಬೇಕಲ್ಲ! ಬಾಯಿಲ್ಲದ ಪ್ರಾಣಿಯ ಮುಂದೆ ತಾವು ಮಾತ್ರ ತಿನ್ನುವುದು ಹೇಗೆ ಎಂದು ಒಬ್ಬರು ಬಾಳೆಹಣ್ಣು, ಇನ್ನೊಬ್ಬರು ಬೆಲ್ಲ, ವೈದ್ಯೆಯ ಕಣ್ಣು ತಪ್ಪಿಸಿ ಕೊಟ್ಟೇ ಕೊಟ್ಟರು. ಕೆಲವೇ ವಾರಗಳಲ್ಲಿ ಗೌರಿ ಒಂದು ಪಾಠ ಕಲಿತಳು. ಸ್ಟೀಲ್ ಡಬ್ಬಿಯ ಮುಚ್ಚಳ 'ಟಣ್' ಎಂದರೆ ಅಲ್ಲೇನೋ ಇದೆ.

ನಾನು ಮೊದಲ ಸಲ ಒಬ್ಬಳೇ ಸವಾರಿ ಮಾಡಿದ ದಿನ. ಚಳಿಗಾಲದ ಎಳೆಬಿಸಿಲು, ಮರಳ ಹಾದಿ, ತಲೆಗೆ ಹೆಲ್ಮೆಟ್ಟು. ಚಿಕ್ಕಂದಿನಲ್ಲಿ ಸೈಕಲ್ಲಿಗೂ ಹೆದರುತ್ತಿದ್ದವಳು ನಾನು. ನನಗೇ ನನ್ನ ಮೇಲೆ ಗೌರವ ಬಂದಿತ್ತು. ಆಗಲೇ ದೂರದಲ್ಲಿ ಎಲ್ಲೋ 'ಟಣ್' ಎಂದಿತು.

ಗೌರಿ ನಿಂತಳು. ಕಿವಿ ತಿರುಗಿಸಿದಳು. ಆಮೇಲೆ ನಾನು ಎಡಕ್ಕೆಳೆದರೂ ಇಲ್ಲ, ಬಲಕ್ಕೆಳೆದರೂ ಇಲ್ಲ, "ವೋ, ವೋ" ಎಂದರೂ ಇಲ್ಲ. ಅವಸರವಿಲ್ಲದೆ, ಗಾಂಭೀರ್ಯದಿಂದ ನಡೆದು, ಗುರುತು ಪರಿಚಯ ಇಲ್ಲದ ಕುಟುಂಬವೊಂದು ಚಾಪೆ ಹಾಸಿ ಊಟಕ್ಕೆ ಕೂತಲ್ಲಿಗೆ ನನ್ನನ್ನು ಕೊಂಡೊಯ್ದು ನಿಲ್ಲಿಸಿ, ಅವರ ಪುಳಿಯೋಗರೆಯ ಮೇಲೆ ತಲೆ ಬಗ್ಗಿಸಿದಳು.

ಆ ಮನೆಯ ಯಜಮಾನಿ ನನ್ನ ಮುಖವನ್ನೇ ನೋಡಿ, "ಅರೆ, ನೀವು ಜಾಬ್ರಿಯಾ ಕ್ಲಿನಿಕ್ಕಿನ ಡಾಕ್ಟರಲ್ವಾ?" ಎಂದು ಹಾಸನದ ಕನ್ನಡದಲ್ಲಿ ಕೇಳಿದರು. "ನಂಗೆ ಮಾತ್ರ ಸಿಹಿ ಬಿಡಿ, ಊಟದ ಮಧ್ಯೆ ಏನೂ ತಿನ್ಬೇಡಿ ಅಂತ ಬೈದಿದ್ರಿ. ನೀವು ಕುದುರೆ ಹತ್ಕೊಂಡು ಊಟ ಹುಡುಕ್ತಿದ್ದೀರಾ?"

೩. ಸಂಬಂಧ

ಇನ್ನು ಮುಂದಿನದು ಅರ್ಥವಾಗಬೇಕಾದರೆ ನಮ್ಮ ಮನೆಯ ಒಂದು ಹಳೆಯ ನೋವು ಹೇಳಬೇಕು. ನಮ್ಮ ಮಗಳು ಹುಟ್ಟಿದ್ದು ಮೈಸೂರಿನಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ನಾನು ಹೋಗಿದ್ದೆ. ಇವರು ಹೊರಡಬೇಕೆಂದಾಗ ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆಂದು ಕೊಟ್ಟಿದ್ದ ಪಾಸ್‌ಪೋರ್ಟು ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು. ಮಗು ಇವರನ್ನು ನೋಡಿದಾಗ ಅದಕ್ಕೆ ಆಗಲೇ ಕತ್ತು ನಿಂತಿತ್ತು. ಇವರನ್ನು ನೋಡಿ ಅತ್ತಿತು. ಆ ಅಳುವನ್ನು ಇವರು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಗೌರಿಗೆ ಮರಿಯಾಗಲಿ ಎಂಬ ಮಾತು ಬಂದಾಗ ಇವರು ಹೇಳಿದ್ದು ಒಂದೇ ಮಾತು: "ಈ ಸಲ ನಾನು ಎದುರಿಗೇ ಇರ್ತೀನಿ. ಹುಟ್ಟೋದನ್ನ ಕಣ್ಣಾರೆ ನೋಡ್ತೀನಿ." ನಾನು ನಗಲಿಲ್ಲ. ಕುದುರೆಯ ವಿಷಯವಾದರೂ ನಗಬಾರದೆನಿಸಿತು.

ಗಂಡು ಸಿಕ್ಕಿತು. ಒಬ್ಬ ಕುವೈತಿ ಹಿರಿಯರು ಮೊಮ್ಮಕ್ಕಳ ಸವಾರಿಗೆಂದು ತಮ್ಮ ತೋಟದಲ್ಲಿ ಒಂದು ಫ್ಯೋರ್ಡ್ ಗಂಡು ಇಟ್ಟಿದ್ದರು. ನಾವು ಗಂಡು ನೋಡಲು ಹೋದೆವು. ಗಾವಾ ಎಂಬ ಅರಬ್ಬೀ ಕಾಫಿ ಬಂತು, ಖರ್ಜೂರ ಬಂತು. ಹಿರಿಯರು ಮೊದಲು ಕೇಳಿದ್ದು, "ನಿಮ್ಮ ಹುಡುಗಿಯ ತಂದೆ ಯಾರು? ತಾತ ಯಾರು?" ಕುದುರೆಯ ವಂಶವನ್ನು ಅವರು ತಮ್ಮ ವಂಶದಷ್ಟೇ ಶ್ರದ್ಧೆಯಿಂದ ವಿಚಾರಿಸುವವರು.

ಮನೆಗೆ ಬಂದು ಅತ್ತೆಯವರಿಗೆ ಫೋನಿನಲ್ಲಿ ಎಲ್ಲ ಒಪ್ಪಿಸಿದ್ದಾಯಿತು. ಅವರು, "ಎಲ್ಲಾ ಸರಿ, ಗೋತ್ರ ಕೇಳಿದ್ರಾ? ಸಗೋತ್ರ ಆಗಬಾರ್ದು," ಎಂದರು. ನಾನು ನಕ್ಕೆ, ಇವರು ನಕ್ಕರು, ಮಗಳು "ಅಜ್ಜೀ, ಶಿ ಈಸ್ ಎ ಹಾರ್ಸ್!" ಎಂದು ಬಿದ್ದು ಬಿದ್ದು ನಕ್ಕಳು.

ಮರುದಿನ ಪಶುವೈದ್ಯೆ ಎರಡೂ ಕಡೆಯ ವಂಶಾವಳಿ ಹರಡಿಕೊಂಡು ಕೂತರು. "ಈ ಜಾತಿಯಲ್ಲಿ ಕುದುರೆಗಳು ಕಡಿಮೆ, ಎಲ್ಲ ಒಳಗೊಳಗೇ ನೆಂಟರು. ಮೂಲಪುರುಷ ಹತ್ತಿರದಲ್ಲೇ ಒಬ್ಬನಾಗಿದ್ದರೆ ಈ ಸಂಬಂಧ ಬೇಡ," ಎಂದರು. ಪುಣ್ಯಕ್ಕೆ ಹತ್ತಿರದಲ್ಲಿ ಯಾರೂ ಸಿಗಲಿಲ್ಲ. ಇದನ್ನು ಅತ್ತೆಯವರಿಗೆ ಹೇಳದೆ ವಿಧಿಯಿರಲಿಲ್ಲ.

ಅವರು, "ಹೂಂ. ನಾನು ಕೇಳಿದ್ರೆ ಗೊಡ್ಡು ಸಂಪ್ರದಾಯ. ಡಾಕ್ಟರಮ್ಮ ಫೀಸ್ ತಗೊಂಡು ಕೇಳಿದ್ರೆ ಸೈನ್ಸ್," ಎಂದರು.

೪. ಸೀಮಂತ

ಗೌರಿ ಬಸುರಿ ಎಂಬುದು ಸ್ಕ್ಯಾನಿಂಗಿನಲ್ಲಿ ಖಚಿತವಾಯಿತು. ನೋಡಿ ಹೇಳಲು ಸಾಧ್ಯವೇ ಇರಲಿಲ್ಲ, ಅವಳ ಹೊಟ್ಟೆ ಮೊದಲೂ ಹಾಗೇ ಇತ್ತು. ಹನ್ನೊಂದು ತಿಂಗಳು ಹೊರಬೇಕು ಎಂದು ಕೇಳಿ ಬಳಗದ ಹೆಂಗಸರೆಲ್ಲ ಕರಗಿಹೋದರು. "ಪಾಪ, ತವರು ಅಷ್ಟು ದೂರ. ಮಾಡೋರು ಯಾರಿದ್ದಾರೆ?" ಎಂದು ಏಳನೇ ತಿಂಗಳಲ್ಲಿ ಸೀಮಂತ ಮಾಡಲು ತಾವೇ ತೀರ್ಮಾನಿಸಿದರು.

ರೇಷ್ಮೆ ಸೀರೆ ಉಟ್ಟು, ಕಬ್ದ್‌ನ ಮರಳಲ್ಲಿ ಸೆರಗು ಎಳೆದುಕೊಂಡು, ದೂರದ ಬ್ನೇದ್ ಅಲ್ ಗಾರ್‌ನಿಂದಲೂ ಜನ ಬಂದರು. ವೈದ್ಯೆ ಹೂವಿನ ಹಾರ, ಸಿಹಿ ಎರಡನ್ನೂ ನಿಷೇಧಿಸಿದ್ದರಿಂದ ಕ್ಯಾರೆಟ್ಟಿನ ಹಾರ ಪೋಣಿಸಿದ್ದರು. ಬಯಕೆ ಊಟವೆಂದು ನಮಗೆ ಬಗೆಬಗೆಯ ಚಿತ್ರಾನ್ನ, ಅವಳಿಗೆ ನೆನೆಸಿದ ಹುಲ್ಲು. ಹಣೆಗೆ ಕುಂಕುಮ, ಮುಂದೆ ಆರತಿ, ಹಿರಿಯರೊಬ್ಬರಿಂದ ಹಾಡು. ಹಾಡು ಮುಗಿದು ಫೋಟೋ ತೆಗೆಯೋಣವೆಂದು ನೋಡಿದರೆ ಬಸುರಿಯ ಕೊರಳಲ್ಲಿ ಬರೀ ದಾರ. ಅದನ್ನೂ ಬಾಯಿಂದ ಎಳೆದು ಬಿಡಿಸಬೇಕಾಯಿತು.

ಅಷ್ಟರಲ್ಲಿ ಗಂಡಿನ ಯಜಮಾನರಾದ ಕುವೈತಿ ಹಿರಿಯರು ಬಿಳಿ ದಿಶ್‌ದಾಶಾ ತೊಟ್ಟು, ಖರ್ಜೂರದ ದೊಡ್ಡ ಪೆಟ್ಟಿಗೆ ಹಿಡಿದು ಬಂದರು. ನಾವು ವಿವರಿಸಿದ್ದನ್ನೆಲ್ಲ ತಲೆದೂಗುತ್ತ ಕೇಳಿದರು. ಗೌರಿಯ ಹಣೆಯ ಕುಂಕುಮ ನೋಡಿ ಮಾಶಾ ಅಲ್ಲಾ ಎಂದರು. ಆಮೇಲೆ ಇವರನ್ನು ಪಕ್ಕಕ್ಕೆ ಕರೆದು, ನಿಜಕ್ಕೂ ನೊಂದ ಧ್ವನಿಯಲ್ಲಿ ಕೇಳಿದರು: "ಇಷ್ಟು ಜನರನ್ನು ಕರೆದಿದ್ದೀರಿ. ಹುಡುಗನಿಗೆ ಒಂದು ಮಾತು ಹೇಳಲಿಲ್ಲವಲ್ಲ?"

೫. ಎದುರಿಗೇ

ಮಾರ್ಚ್ ಬಂತು. ದಿನ ತುಂಬಿತು. ಇವರು ವರ್ಷದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಲಾಯದಲ್ಲೇ ಠಿಕಾಣಿ ಹೂಡಿದರು. ಸಾಲದ್ದಕ್ಕೆ ಒಂದು ಕ್ಯಾಮೆರಾ ತಂದು ಗೋಡೆಗೆ ಕೂರಿಸಿದರು. ಗೌರಿ ನಿಟ್ಟುಸಿರು ಬಿಟ್ಟರೂ ಕೇಳಿಸಬೇಕೆಂದು ಧ್ವನಿಯೂ ಇರುವಂಥದು. ಎಲ್ಲರೂ ನೋಡಲಿ ಎಂದು ಅದರ ಲಿಂಕನ್ನು ಬಳಗಕ್ಕೂ ಮೈಸೂರಿಗೂ ಕಳಿಸಿದರು.

ಒಂದು ದಿನವಾಯಿತು, ಎರಡು ದಿನವಾಯಿತು, ವಾರವೇ ಆಯಿತು. ಇವರು ಗೌರಿಯನ್ನು ನೋಡುತ್ತಾರೆ, ಗೌರಿ ಇವರನ್ನು ನೋಡುತ್ತಾಳೆ. ವೈದ್ಯೆ ಬಂದವರು ಇವರಿಗೇ ಗದರಿದರು. "ಹೀಗೆ ದಿಟ್ಟಿಸಿಕೊಂಡು ಕೂತರೆ ಯಾವ ಕುದುರೆಯೂ ಈಯುವುದಿಲ್ಲ. ಅವಕ್ಕೆ ಏಕಾಂತ ಬೇಕು. ಹೊರಗೆ ಕೂತು ಫೋನಿನಲ್ಲಿ ನೋಡಿ, ಶುರುವಾದಾಗ ಸದ್ದಿಲ್ಲದೆ ಒಳಗೆ ಬನ್ನಿ. ಯಲ್ಲಾ!"

ಇವರು ತಗಡಿನ ಗೋಡೆಯ ಆಚೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ಕಣ್ಣು ನೆಟ್ಟು ಕೂತರು. ಮಧ್ಯಾಹ್ನ. ಲಾಯದವರೆಲ್ಲ ಊಟಕ್ಕೆ ಹೋಗಿದ್ದರು. ನಾನು ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವಿನ ಬಿಡುವಿನಲ್ಲಿ ಫೋನ್ ತೆರೆದೆ. ಗೌರಿ ಮಲಗಿದ್ದಾಳೆ! ಎರಡು ಪುಟ್ಟ ಗೊರಸು ಹೊರಗೆ ಕಾಣುತ್ತಿವೆ! ತಕ್ಷಣ ಇವರಿಗೆ ಫೋನ್ ಮಾಡಿದೆ. ಲೈನ್ ಬ್ಯುಸಿ. ಮತ್ತೆ ಮಾಡಿದೆ. ಬ್ಯುಸಿ.

ಅತ್ತೆಯವರು ಮೈಸೂರಿನಲ್ಲಿ ಟಿವಿಗೆ ಹಾಕಿಕೊಂಡು ನೋಡುತ್ತಿದ್ದವರು, ಗೌರಿ ಮಲಗಿದ ಕೂಡಲೇ ಮಗನಿಗೆ ತಿಳಿಸಲು ಫೋನ್ ಮಾಡಿದ್ದರು. ಕರೆ ಬಂದದ್ದೇ ಇವರ ಪರದೆಯಿಂದ ಗೌರಿ ಮಾಯ. ಸರಿ, ವಿಷಯ ಹೇಳಿ ಇಡಬಹುದಿತ್ತು. ಆದರೆ ಮಗನಿಗೆ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳದೆ ಮುಂದಿನ ಮಾತಿಗೆ ಹೋದ ತಾಯಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ತಗಡಿನ ಗೋಡೆಯಾಚೆಯಿಂದ ಇವರು ಕೊಟ್ಟ ಉತ್ತರ ಕ್ಯಾಮೆರಾದಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಊಟ ಎಲ್ಲಿ ಬಂತಮ್ಮಾ? ಬೆಳಿಗ್ಗೆ ಡಬ್ಬಿಗೆ ಹಾಕ್ಕೊಟ್ಟ ಉಪ್ಪಿಟ್ಟು. ತಣ್ಣಗೆ ಕಲ್ಲಾಗಿತ್ತು."

ಮರಿಯ ಮೂತಿ ಕಂಡಿತು.

"ಗಂಟು ಗಂಟು ಅಮ್ಮಾ. ಇವ್ಳು ಯಾವಾಗ್ಲೂ ಅವಸರ ಮಾಡ್ತಾಳೆ."

ಭುಜ ಬಂತು. ನನ್ನ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಕುವೈತಿ ಅಜ್ಜಿ ಹಲ್ಲುನೋವು ಮರೆತು ನನ್ನ ಕೈ ಹಿಡಿದುಕೊಂಡರು.

"ನೀನು ಮಾಡಿದ್ರೆ ಉದುರುದುರಾಗಿ, ತುಪ್ಪದ ಘಮ... ಇವ್ಳು ರವೆ ಹುರಿಯೋದೇ ಇಲ್ಲಮ್ಮಾ!"

ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ತಲೆಯೆತ್ತಿತು. ಅಜ್ಜಿ ಮಾಶಾ ಅಲ್ಲಾ ಎಂದು ಕೂಗಿದರು. ನಾನು ಅಳುತ್ತಿದ್ದೆನೋ ಹಲ್ಲು ಕಡಿಯುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅತ್ತೆಯವರಿಗೆ ಆಗ ನೆನಪಾಯಿತಂತೆ. "ಅಯ್ಯೋ, ನಿನ್ನ ಉಪ್ಪಿಟ್ಟಿನ ಗಲಾಟೇಲಿ ಮರೆತೇಬಿಟ್ಟೆ. ಗೌರಿ ಮಲಗಿದಾಳೆ ಅನ್ನೋಕೆ ಮಾಡ್ದೆ ಕಣೋ. ಈಗ ಹಡೆದೂ ಆಯ್ತು, ಹೋಗು!"

ನಾನು ಸಂಜೆ ಹೋದಾಗ ಮರಿ ನಾಲ್ಕು ಕಡೆಗೆ ನಾಲ್ಕು ಕಾಲು ಚಾಚಿಕೊಂಡು ಹಾಲು ಕುಡಿಯುತ್ತಿತ್ತು. ಹೆಣ್ಣು, ಅಮ್ಮನದೇ ಬಣ್ಣ. ವೈದ್ಯೆ ಇಬ್ಬರನ್ನೂ ನೋಡಿ ಎಲ್ಲ ಚೆನ್ನಾಗಿದೆ ಎಂದಿದ್ದರು. ಇವರು ಹುಲ್ಲಿನ ಮೇಲೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. "ಗೋಡೆ ಪಕ್ಕದಲ್ಲೇ ಇದ್ದೆ ಕಣೇ. ಈ ಸಲಾನೂ ತಪ್ಪಿಸ್ಕೊಂಡೆ," ಎಂದರು.

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಆ ಮುಖ ನೋಡಿ ಉಡುಗಿಹೋಯಿತು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ಏನೂ ತಪ್ಪಿಸ್ಕೊಂಡಿಲ್ಲ ಬಿಡಿ. ಅದು ಈ ಲೋಕಕ್ಕೆ ಬಂದು ಕೇಳಿದ ಮೊದಲ ಮಾತು ನಿಮ್ದೇ. ಅದೂ ಮೈಸೂರೂ ಕುವೈತೂ ಸಾಕ್ಷಿಯಾಗಿ."

ಇವರ ಮುಖ ಅರಳಿತು. "ನಿಜವಾಗ್ಲೂ? ಏನಂದೆ ನಾನು?"

"ಇವ್ಳು ರವೆ ಹುರಿಯೋದೇ ಇಲ್ಲ, ಅಂದ್ರಿ."