ಬೀಗ ಹಾಕಿದ ಬಸಿರು

ಎಲ್ಲ ಶುರುವಾದದ್ದು ಒಂದು ಫೋಟೋದ ಆಸೆಯಿಂದ.

ತಾಯಂದಿರ ಆರೋಗ್ಯದ ಅಧ್ಯಯನಕ್ಕೆಂದು ಮೂವರ ತಂಡ ವಿದೇಶಕ್ಕೆ ಬಂದಿಳಿದು ಇನ್ನೂ ಎರಡು ದಿನ ತುಂಬಿರಲಿಲ್ಲ. ಮುಖ್ಯಸ್ಥೆ ಮೇಡಂ, ಅವರ ಕೈಕೆಳಗೆ ಇಬ್ಬರು. ಒಬ್ಬ, ಯಾರು ಏನಂದರೂ ಹೂಂಗುಟ್ಟುವುದನ್ನು ಬಿಟ್ಟು ಬೇರೇನೂ ಕಲಿಯದ ಹೂಂರಾಯ. ಇನ್ನೊಬ್ಬ ನಮ್ಮ ನಾಯಕ. ಕಚೇರಿಯವರು ಇಟ್ಟ ಹೆಸರು ಉಪದೇಶಿ. ಗರ್ಭಿಣಿಯರು ಹೇಗೆ ನಡೆಯಬೇಕು, ಹೇಗೆ ಕೂರಬೇಕು, ಹೇಗೆ ಸದಾ ನಗುತ್ತಿರಬೇಕು ಎಂದು ಅವನು ಮಾಡದ ಭಾಷಣವಿಲ್ಲ. ಸ್ವಂತ ಹೆಂಡತಿಯ ಹೆರಿಗೆಯ ದಿನ ಮಾತ್ರ ಆಸ್ಪತ್ರೆಯ ವಾಸನೆ ಆಗುವುದಿಲ್ಲವೆಂದು ಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದ ಮಹಾನುಭಾವ.

ಅವನ ಜೀವವೆಲ್ಲ ಅದೇ ದೇಶದಲ್ಲಿ ನಡೆಯಲಿದ್ದ ತಾಯಂದಿರ ಆರೋಗ್ಯದ ಸಮ್ಮೇಳನದ ಮೇಲಿತ್ತು. ಸಮುದ್ರದ ಎದುರು ದೊಡ್ಡ ಹೋಟೆಲು, ತಣ್ಣನೆಯ ಕೋಣೆ, ಕೈಗೊಂದು ಮೈಕು. ಇಬ್ಬರಲ್ಲಿ ಒಬ್ಬನಿಗೆ ಆ ಭಾಗ್ಯ. ಇನ್ನೊಬ್ಬ ಧೂಳು ತುಂಬಿದ ಈ ಊರಿನ ಹೆರಿಗೆ ಕೇಂದ್ರದಲ್ಲೇ ತಿಂಗಳು ಕಳೆಯಬೇಕು. ಯಾರು ಎತ್ತ ಎಂದು ಮೇಡಂ ಸಂಜೆ ತಿಳಿಸುವವರಿದ್ದರು. ಉಪದೇಶಿಯೋ, ಹೋಟೆಲಿನ ಸುದ್ದಿಯನ್ನು ಹೆಂಡತಿಗೆ, ಮಾವನಿಗೆ, ಹೊಟ್ಟೆ ಉರಿದುಕೊಳ್ಳಲಿ ಎಂದು ಷಡ್ಡಕನಿಗೂ ಆಗಲೇ ಹೇಳಿಬಿಟ್ಟಿದ್ದ.

ಮೇಡಂ ಕಣ್ಣಿಗೆ ಬೀಳುವ ದಾರಿ ಹುಡುಕುತ್ತಿದ್ದವನಿಗೆ ಕೇಂದ್ರದ ಗೋಡೆಯ ಗೂಟದಲ್ಲಿ ತೂಗುತ್ತಿದ್ದ ಅಂಗಿ ಕಂಡಿತು. ದಪ್ಪ ಬಟ್ಟೆಯಲ್ಲಿ ತುಂಬು ಬಸುರಿಯ ಹೊಟ್ಟೆ ಹೊಲಿದು, ಒಳಗೆ ಮರಳು ತುಂಬಿದ ಅಂಗಿ. ಬಸಿರಿನ ಭಾರ ಎಂಥದ್ದೆಂದು ತಿಳಿಯಲಿ ಅಂತ ಗಂಡಂದಿರ ತರಗತಿಯಲ್ಲಿ ಅದನ್ನು ತೊಡಿಸುತ್ತಿದ್ದರು. ತೊಟ್ಟ ಗಂಡಸರೆಲ್ಲ ಏನೋ ನೆಪ ಹೇಳಿ ಬಿಚ್ಚಿಟ್ಟು ಓಡತೊಡಗಿದ್ದರಿಂದ, ಕೇಂದ್ರದ ಹಿರಿಯ ನರ್ಸಮ್ಮ ಬೆನ್ನ ಕಡೆಗೊಂದು ಬೀಗ ಮಾಡಿಸಿದ್ದರು. ಒತ್ತಿದರೆ ಬೀಳುತ್ತದೆ, ತೆಗೆಯಲು ಕೀ ಬೇಕು. ಇದನ್ನು ಉಪದೇಶಿ ಯಾರನ್ನೂ ಕೇಳಲಿಲ್ಲ. ಕೇಳುವುದು ಅವನ ಜಾಯಮಾನವಲ್ಲ. ಅಂಗಿ ತೊಟ್ಟವನೇ ಹೂಂರಾಯನನ್ನು ಕರೆದ.

"ಏ, ಬಾರಪ್ಪ ಇಲ್ಲಿ. ಹಿಂದಿಂದ ಇದನ್ನ ಒತ್ತು. ಒಂದು ಫೋಟೋ ತೆಗ್ದು ಮೇಡಂಗೆ ಕಳಿಸ್ಬಿಡು. ಮುಖದಲ್ಲಿ ಕರುಣೆ ಕಾಣ್ಬೇಕು, ನೋಡ್ಕೋ."

"ಹೂಂ," ಎಂದ ಹೂಂರಾಯ. ಬೀಗ ಬಿತ್ತು, ಫೋಟೋ ಹೋಯಿತು. ಅಂಗಿ ಮಾತ್ರ ಬಿಚ್ಚಲು ಬರಲಿಲ್ಲ.

"ಇದರ ಕೀ ಎಲ್ಲಮ್ಮಾ?" ಎಂದು ಬಾಗಿಲ ಬಳಿಯಿದ್ದ ಆಯಾಳನ್ನು ಕೇಳಿದ.

"ನರ್ಸಮ್ಮನ ಸೊಂಟದಲ್ಲಿದೆ ಸಾರ್. ಅವರು ಬೆಟ್ಟದಾಚೆ ಹೆರಿಗೆಗೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

"ಅದನ್ನ ಆ ಮಗೂನೇ ಕೇಳ್ಬೇಕು."

"ಹಾಗಾದ್ರೆ ಒಂದು ಕತ್ತರಿ ಕೊಡು!"

"ಅಯ್ಯೋ, ಇರೋದೇ ಇದೊಂದು ಅಂಗಿ. ಕತ್ತರಿಸಿದ್ರೆ ನರ್ಸಮ್ಮ ನನ್ನ ಚರ್ಮ ಸುಲೀತಾರೆ."

ಸ್ವಲ್ಪ ಹೊತ್ತಿಗೇ ಉಪದೇಶಿಯ ಸೊಂಟ ಹಿಡಿದುಕೊಂಡಿತು. ಹೊರಗಿನ ಬೆಂಚಿನ ತುಂಬ ಬಸುರಿಯರು. "ಸ್ವಲ್ಪ ಜಾಗ ಬಿಡ್ತೀರಾ?" ಎಂದು ಕುಂಯ್ಗುಟ್ಟಿದ.

"ಕೂತ್ರೆ ಮೈ ಜಡ ಆಗುತ್ತೆ, ಓಡಾಡ್ಬೇಕು ಅಂತ ಬೆಳಿಗ್ಗೆ ತಾನೇ ಹೇಳಿದ್ರಲ್ಲ ಸಾರ್? ಓಡಾಡಿ," ಎಂದಳು ಒಬ್ಬಳು.

ಸೊಸೆಯನ್ನು ಕರೆತಂದಿದ್ದ ಅತ್ತೆಯೊಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲನೇದಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ನಗ್ತಾ ಇರಪ್ಪ, ಮಗೂಗೆ ಒಳ್ಳೇದು."

ಬೆಂಚಿಗೆ ಬೆಂಚೇ ನಕ್ಕಿತು. ಇಷ್ಟರಲ್ಲಿ ಸರತಿಯ ನೂಕುನುಗ್ಗಲಿನಲ್ಲಿ ಅವನು ಡಾಕ್ಟರ ಕೋಣೆಗೇ ತಳ್ಳಿಸಿಕೊಂಡ. ಡಾಕ್ಟರರದು ರೋಗಿಯ ಮುಖ ನೋಡುವ ಚಾಳಿಯಲ್ಲ. ಮೇಜಿನಿಂದ ತಲೆ ಎತ್ತದೆ, ಎದುರು ನಿಂತ ಹೊಟ್ಟೆಯನ್ನಷ್ಟೇ ಓರೆಗಣ್ಣಲ್ಲಿ ನೋಡಿ, ಅವನ ಕೈ ಎಳೆದು ಉಗುರು ಒತ್ತಿದರು.

"ರಕ್ತ ಕಮ್ಮಿ. ಭಾರ ಎತ್ತಬಾರದು. ಎಲ್ಲಿ ಗಂಡ?" ಬಾಗಿಲಲ್ಲಿ ಇಣುಕಿದವನನ್ನು ಕೇಳಿದರು, "ನೀವೇನಾ?"

"ಹೂಂ," ಎಂದ ಹೂಂರಾಯ.

ಗಂಡನಾದವನಿಗೆ ಜವಾಬ್ದಾರಿ ಬೇಡವೇ ಎಂದು ಡಾಕ್ಟರು ಅವನಿಗೆ ಛೀಮಾರಿ ಹಾಕಿದರು. ಉಪದೇಶಿ ಇಂಗು ತಿಂದ ಮಂಗನಂತೆ ಹೊರಬಂದ. ಮಧ್ಯಾಹ್ನವಿಡೀ ಕಂಬಕ್ಕೆ ಒರಗಿ ನಿಂತು, ಬೆಟ್ಟದಾಚೆಯ ಮಗು ಬೇಗ ಹುಟ್ಟಲೆಂದು ಹರಕೆ ಹೊತ್ತ. ಅಷ್ಟು ಶ್ರದ್ಧೆಯಿಂದ ಅವನು ತನ್ನ ಮಗುವಿಗೂ ಕಾದಿರಲಿಲ್ಲ.

ಸಂಜೆ ಮೇಡಮ್ಮಿನ ಜೀಪಿನಲ್ಲೇ ನರ್ಸಮ್ಮನೂ ಬಂದಿಳಿದರು. ಇವನನ್ನು ಕಂಡು ನಗು ತಡೆಯುತ್ತ ಸೊಂಟದ ಗೊಂಚಲಿನಿಂದ ಕೀ ತೆಗೆದರು.

"ಒಂದ್ನಿಮಿಷ," ಎಂದರು ಮೇಡಂ. "ಫೋಟೋಗೋಸ್ಕರ ಹಾಕ್ಕೊಂಡಿದ್ದೀರಿ ಅಂದ್ಕೊಂಡಿದ್ದೆ. ಇನ್ನೂ ಬಿಚ್ಚಿಲ್ವಾ?"

ನಿಜ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಬಡಾಯಿ ಬಿಟ್ಟರೆ ಅವನು ಉಪದೇಶಿ ಹೇಗಾದಾನು?

"ಫೋಟೋಗಾ? ಛೆ ಛೆ! ತಾಯಂದಿರ ಕಷ್ಟ ನನ್ನ ಮೈಗೂ ತಿಳೀಲಿ ಅಂತ ಬೇಕಂತಲೇ ಹೊತ್ಕೊಂಡೆ ಮೇಡಂ. ಇಡೀ ದಿನ ಬಿಚ್ಚೋಕೆ ಮನಸ್ಸೇ ಬರಲಿಲ್ಲ."

ಮೇಡಮ್ಮಿನ ಕಣ್ಣು ಒದ್ದೆಯಾಯಿತು. "ನಿಮ್ಮನ್ನೇ ಸಮ್ಮೇಳನಕ್ಕೆ ಕಳಿಸೋಣ ಅಂತ ನಿನ್ನೇನೇ ತೀರ್ಮಾನ ಮಾಡಿದ್ದೆ. ಎಂಥ ತಪ್ಪಾಗ್ತಿತ್ತು! ಹೋಟೆಲಲ್ಲಿ ಮಾತಾಡೋಕೆ ಯಾರಾದ್ರೂ ಸಿಗ್ತಾರೆ, ಇಂಥ ಮನಸ್ಸಿರೋರು ಸಿಗಲ್ಲ. ನೀವು ಇಲ್ಲೇ ಇದ್ದು, ಇದೇ ಅಂಗೀಲಿ ಊರೂರಿನ ಗಂಡಂದಿರಿಗೆ ತಿಳಿಹೇಳಿ. ಸಮ್ಮೇಳನಕ್ಕೆ ಇವರು ಹೋಗ್ಲಿ. ಆಗುತ್ತಲ್ವಾ?"

"ಹೂಂ," ಎಂದು ಹೂಂರಾಯ ಪೆಟ್ಟಿಗೆ ಕಟ್ಟಲು ಓಡಿದ.

"ಹಾಗಾದ್ರೆ ಬಿಚ್ಚೋದು ಬೇಡ ಬಿಡಿ. ನಾಳೆ ಬೆಳಿಗ್ಗೆನೇ ತರಗತಿ ಇದೆ," ಎಂದ ನರ್ಸಮ್ಮ ಕೀಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದೇ ಜೀಪು ಹತ್ತಿ ಇನ್ನೊಂದು ಹೆರಿಗೆಗೆ ಹೊರಟೇಬಿಟ್ಟರು.