ಸತು ಎಂದರೆ ಸತ್ತದ್ದಲ್ಲ

ನೋಡು ಎಂದದ್ದನ್ನು ನಾನು ನೋಡಲಿಲ್ಲ. ಅಷ್ಟೇ ನನ್ನ ತಪ್ಪು. ಆದರೆ ನೋಡಲು ಹೇಳಿದವನು ನಮ್ಮಣ್ಣ, ಸತ್ತವರನ್ನು ಎಬ್ಬಿಸುತ್ತಾನೆಂದು ಹೊಳೆನರಸೀಪುರದಲ್ಲೆಲ್ಲ ಹೆಸರಾದವನು! ನೀವಾದರೂ ನೋಡುತ್ತಿದ್ದಿರಾ?

ಅವನು ಎಬ್ಬಿಸುತ್ತಿದ್ದದ್ದು ಸತುವನ್ನು. ಊರವರ ಖಾಲಿ ಟಾರ್ಚ್ ಸೆಲ್ಲುಗಳನ್ನು ಬೇಡಿ ತಂದು, ಬಾಳೆಹಣ್ಣು ಸುಲಿದಂತೆ ಸತುವಿನ ತಗಡು ಬಿಡಿಸಿ, ಸುತ್ತಿಗೆಯಲ್ಲಿ ಬಡಿದು, ಉಜ್ಜಿ, ಮೈಸೂರಿನ ಮೇಷ್ಟರು ಎರವಲು ಕೊಟ್ಟ ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದ.

"ಏಟು ತಿಂದ ಸತು ಸುಮ್ನಿರಾಕಿಲ್ಲ ಕಣಮ್ಮಿ. ಒಳಗೊಳಗೇ ಹೊಸಾ ಹರಳು ಕಟ್ಕಂಡು ಎದ್ದು ಕೂತ್ಕತದೆ!"

ಈ 'ಸತು' ಬೀದಿ ದಾಟುವಷ್ಟರಲ್ಲಿ 'ಸತ್ತು' ಆಯಿತು. ಪಕ್ಕದ ಮನೆಯಾಕೆ ಬಂದೇಬಿಟ್ಟಳು.

"ಸಾ, ನಮ್ಮ ಉಂಜ ಸತ್ತೋಯ್ತು. ಒಸಿ ಎಬ್ಬಿಸ್ಕೊಡಿ."

"ಎಲ್ಲದೆ?"

"ಸಾರಾಗದೆ. ಪರವಾಗಿಲ್ವಾ ಸಾ?"

ಅಣ್ಣ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಅವ್ವ ಸತ್ತು ಮೂರು ತಿಂಗಳಾಗಿತ್ತು. ಆ ಸೂಕ್ಷ್ಮದರ್ಶಕದ ಹಿತ್ತಾಳೆಯ ಕೊಳವೆಯೊಳಗಿಂದ ಅವ್ವ ಕಣ್ಣು ಬಿಟ್ಟರೆ?

ಅಣ್ಣ ಮೂರು ದಿನ ಹಾಸನಕ್ಕೆ ಹೊರಟ. "ದಿನಕ್ಕೆ ಮೂರು ಸಲ ತಗಡಿಗೆ ಕಡ್ಡೀಲಿ ಒಂದ್ಹನಿ ಆಸಿಡ್ ಮುಟ್ಸಿ, ತೊಳ್ದು ನೋಡು. ಕಂಡಿದ್ದು ಬರ್ದಿಡು. ಮೇಷ್ಟ್ರು ಮೆಚ್ಚುದ್ರೆ ನಂಗೆ ಲ್ಯಾಬಲ್ಲಿ ಕೆಲ್ಸ!"

ಮೂರನೇ ಕ್ಲಾಸಿನ ಅಕ್ಷರದಲ್ಲಿ ಒಂಬತ್ತು ಸಲ ಬರೆದೆ: 'ಹಾಗೇ ಇದೆ.' ಬರೆದದ್ದು ಅಡುಗೆಮನೆಯಲ್ಲಿ, ಅಗುಳಿ ಹಾಕಿಕೊಂಡು!

ಅಣ್ಣ ಬಂದವನೇ ಆಸಿಡ್ ಮುಟ್ಟಿಸಿ, ತೊಳೆದು, ಕೊಳವೆಗೆ ಕಣ್ಣಿಟ್ಟು ಕುಣಿದಾಡಿದ. ತಗಡಿನ ತುಂಬ ಹೊಸ ಹರಳು! ಮೂರು ದಿನ ಮಿಸುಕದೆ, ಒಂದೇ ಗಳಿಗೆಯಲ್ಲಿ ಎದ್ದ ಸತು! ಮೇಷ್ಟರಿಗೆ ಹಾಗೇ ಬರೆದ. ಉತ್ತರ ಬಂತು: 'ಸತುವಿಗೆ ಅಂಥ ಅಭ್ಯಾಸವಿಲ್ಲ. ನೋಡುತ್ತಿದ್ದವರು ಯಾರು?'

ಅಣ್ಣ ನನ್ನ ಮುಖ ನೋಡಿದ. ಕಾರ್ಡು ಬರೆದು, ಟಪಾಲಿಗೆ ಹಾಕೆಂದು ನನ್ನ ಕೈಗೇ ಕೊಟ್ಟ. ದಾರಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ: 'ನಾನೇ ನೋಡುತ್ತಿದ್ದೆ. ಸೋಮಾರಿತನ ಮಾಡಿದೆ.'

ಗೊತ್ತಿದ್ದೂ ಹಾಕಿಬಂದೆ. ಕೆಲಸ ಬೇರೆಯವರಿಗಾಯಿತು.

ಸೂಕ್ಷ್ಮದರ್ಶಕ ವಾಪಸು ಕಳಿಸುವ ದಿನ ಅಣ್ಣ ಅದನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಲು ಕೂತ. "ಒಂದ್ಸಲಾನಾದ್ರೂ ನೋಡಮ್ಮಿ," ಎಂದ. ಬಗ್ಗಿ ನೋಡಿದೆ. ಅವ್ವ ಇರಲಿಲ್ಲ. ಬದು ಹಾಕಿದ ಗದ್ದೆಗಳಂತೆ ಪುಟ್ಟ ಪುಟ್ಟ ಹರಳುಗಳು, ಒಂದೊಂದಕ್ಕೂ ಒಂದೊಂದು ಹೊಳಪು. ಇಷ್ಟಕ್ಕೇ ಹೆದರಿದೆನೇ!

ಕೊಳವೆಯಿಂದ ಕಣ್ಣು ತೆಗೆಯದೆಯೇ ಹೇಳಿದೆ:

"ಅಣ್ಣಯ್ಯ, ಆವತ್ತು ನಾನು ನೋಡ್ನೇ ಇಲ್ಲ. ಅವ್ವ ಕಂಡಾಳು ಅಂತ ಹೆದ್ರುಕಂಡಿದ್ದೆ. ತಪ್ಪಾಯ್ತು ಕಣಣ್ಣಯ್ಯ."