ಮಿಲಿಟರಿ ಉಳಿತಾಯದಾಗ ನಮ್ಮ ಪಾಲು

ಕೆಲವರು ಹಾದಿಯಾಗ ಹೊಂಟ ಉಪದ್ವ್ಯಾಪ ಕರೆದು ಮನ್ಯಾಗ ಕುಂದರಿಸ್ತಾರ. ನಮ್ಮ ಸಾಹುಕಾರ್ರು ಅಂಥವರು, ವರ್ಷಕ್ಕ ಒಂದಾದ್ರೂ ಹಿಂಗ ಗಂಟು ಬೀಳ್ತಿತ್ತು. ಕಲಬುರಗಿಯ ಬ್ರಹ್ಮಪುರದಾಗ ಅವರದು ಕರೆಂಟ್ ಮೋಟರ್ ರಿಪೇರಿ ಅಂಗಡಿ, ನಾನು ಮಿಸ್ತ್ರಿ.

ತೊಂಬತ್ತರ ದಶಕ ಮುಗಿಯೂ ಮುಂದ ಕಮಲಾಪುರದ ಹಾದಿಯಾಗ ಒಂದು ಸಣ್ಣ ಮಿಲಿಟರಿ ಕ್ಯಾಂಪ್ ಇತ್ತು. ಸಾಹುಕಾರ್ರು ಅಲ್ಲಿಯ ದೊಡ್ಡ ಸಾಹೇಬರಿಗೆ ಒಂದು ಹೊಸಾ ಮಾತು ಹೇಳಿದ್ರು. ನಿಮ್ಮ ಬಲ್ಬು, ಪಂಪು, ಗೀಜರ್ ಎಲ್ಲಾ ತೆಗೆದು ಕಡಿಮಿ ಕರೆಂಟ್ ತಿನ್ನೂವು ಹಾಕ್ತೀವಿ, ನೀವು ಒಂದು ಪೈಸಾ ಕೊಡೂದು ಬ್ಯಾಡ. ಹೋದ ವರ್ಷದ ಬಿಲ್ಲಿಗಿಂತ ಈ ವರ್ಷ ಎಷ್ಟು ಉಳೀತದೋ ಅದರಾಗ ಅರ್ಧ ನಮಗ. ಪುಕ್ಕಟ್ಟೆ ಬಂದದ್ದನ್ನ ಯಾರು ಬ್ಯಾಡ ಅಂತಾರ? ಸಾಹೇಬರು ಹೂಂ ಅಂದ್ರು. ಸಾಮಾನು ತರಾಕ ಸಾಹುಕಾರ್ರು ಅಂಗಡಿ ಒತ್ತಿ ಇಟ್ಟರು. ಮಾರ್ಚ್ ಮುಗಿಯೂದ್ರಾಗ ನಮ್ಮ ಪಾಲು ಬರಬೇಕು, ಬರಲಿಲ್ಲಂದ್ರ ಅಂಗಡಿ ಹೋತು.

ಎರಡು ನಳ

ಗೀಜರ್ ತೆಗೆದು ಮಾಳಗಿ ಮ್ಯಾಲ ಬಿಸಲಿಗೆ ನೀರು ಕಾಯೂ ಡಬ್ಬಿ ಕುಂದರಿಸಿದ್ವಿ. ಅದು ಏಪ್ರಿಲ್ ತಿಂಗಳು. ನಮ್ಮ ಕಲಬುರಗಿ ಬಿಸಲು ಏನು ಕೇಳ್ತೀರಿ! ಒಬ್ಬ ಪಂಜಾಬಿ ಜವಾನ ನನ್ನ ಕರಕೊಂಡು ಹೋಗಿ ತಣ್ಣೀರು, ಬಿಸಿನೀರು ಎರಡೂ ನಳದ ಬುಡಕ ಕೈ ಹಿಡಿಸಿದ. ಒಂದು ಸುಡತಿತ್ತು, ಇನ್ನೊಂದು ಅದಕ್ಕಿಂತ ಸುಡತಿತ್ತು. ಇದರಾಗ ನೀ ಹಾಕಿದ್ದು ಯಾವುದಪಾ ಅಂತ ಹಿಂದಿಯಾಗ ಕೇಳಿದ. ಖರೇ ಹೇಳ್ತೀನಿ, ನನಗೂ ತಿಳೀಲಿಲ್ಲ.

ಉಳಿಸಿದವರು ಯಾರು

ಮಳಿಗಾಲಕ್ಕ ಬಿಲ್ಲು ಅರ್ಧಕ್ಕರ್ಧ ಇಳೀತು. ಸಾಹುಕಾರ್ರು ಇಸ್ತ್ರಿ ಅಂಗಿ ಹಾಕ್ಕೊಂಡು ಪಾಲು ಕೇಳಾಕ ಹೋದ್ರು. ಸಾಹೇಬರು ಭಾಳ ನ್ಯಾಯದ ಮನಷ್ಯಾ. ಮಲಗೂ ಹೊತ್ತಿಗೆ ಎಲ್ಲಾ ಲೈಟ್ ಆರಿಸಬೇಕಂತ ನಾನೇ ಹುಕುಂ ಮಾಡೀನಿ, ಹಂಗಾಗಿ ಉಳಿಸಿದ್ದು ನಮ್ಮ ಜವಾನರ ಶಿಸ್ತು ಅಂದ್ರು. ಮತ್ತ ದಿನಾ ಕರೆಂಟ್ ತೆಗೀತಾರಲ್ಲ, ಅಷ್ಟು ಉಳಿಸಿದ್ದು ಕರೆಂಟ್ ಆಫೀಸಿನವರು ಅಂತನೂ ಸೇರಿಸಿದ್ರು. ಹಂಗಾದ್ರ ನಮ್ಮ ಬಲ್ಬು ಏನು ಮಾಡಾಕತ್ತಾವ್ರಿ ಅಂತ ಸಾಹುಕಾರ್ರು ಕೇಳಿದ್ರು. ಬೆಳಕು ಛಲೋ ಕೊಡಾಕತ್ತಾವ ಅಂದ್ರು ಸಾಹೇಬರು. ಕಡೀಕ ವರ್ಷದ ಲೆಕ್ಕ ಒಮ್ಮೆ ಮಾರ್ಚ್ ಕಡೆಗೆ ನೋಡೂಣು ಅಂತ ಒಪ್ಪಿ, ಕಮಲಾಪುರದ ಕೆಂಪು ಬಾಳಿಹಣ್ಣು ಕೊಟ್ಟು ಕಳಿಸಿದ್ರು.

ಮನ್ಯಾಗ ಸಾಹುಕಾರ್ತಿ, ಪಾಲು ಬಂತೇನ್ರಿ ಅಂದ್ರು. ಇವರು ಹಣ್ಣಿನ ಚಿಪ್ಪು ಮುಂದಿಟ್ಟರು.

ಹಾಡಾಹಗಲ ದೀಪಾವಳಿ

ಮಾರ್ಚ್ ಬಂತು. ಒಂದು ಮಧ್ಯಾಹ್ನ ನಾವಿಬ್ಬರೂ ಕ್ಯಾಂಪಿಗೆ ಹೋದ್ವಿ. ನೋಡಿದ್ರ ಸುಡು ಬಿಸಲಾಗ ಒಳಗ ಹೊರಗ ಎಲ್ಲಾ ಲೈಟ್ ಹಚ್ಚ್ಯಾರ. ಖಾಲಿ ಖೋಲಿಯಾಗ ಫ್ಯಾನ್ ತಿರಗಾಕತ್ತಾವ, ಟಾಕಿ ತುಂಬಿ ನೀರು ಅಂಗಳದಾಗ ಹರದದ. ಸಾಹುಕಾರ್ರ ಮಾರಿ ಕಪ್ಪಿಟ್ಟಿತು.

ಸುಬೇದಾರ ವಿಜಾಪುರ ಕಡೆಯವ, ನಮ್ಮ ಮಂದಿ. ನಮ್ಮನ್ನ ಕುಂದರಿಸಿ ಚಾ ಕೊಟ್ಟು ತಿಳಿಸಿ ಹೇಳಿದ. ಕರೆಂಟಿಗಂತ ಬಂದ ಗ್ರ್ಯಾಂಟ್ ಮಾರ್ಚ್‌ದಾಗ ಉಳೀತಂದ್ರ ವಾಪಸ್ ಹೋಗ್ತದ, ಮುಂದಿನ ವರ್ಷ ಅಷ್ಟು ಕಡಿಮಿ ಬರ್ತದ. ಹಂಗಾಗಿ ಪೂರಾ ಖರ್ಚು ಮಾಡ್ರಿ ಅಂತ ಮ್ಯಾಲಿಂದ ಹುಕುಂ ಬಂದದ.

"ನಿಮ್ಮ ಕೆಲಸ ಭಾಳ ಪಕ್ಕಾ ಅದರಿ ಸಾಹುಕಾರ್ರ. ಹಗಲೂ ರಾತ್ರಿ ಹಚ್ಚಾಕತ್ತೀವಿ, ಗ್ರ್ಯಾಂಟ್ ಮುಗೀವಲ್ದು," ಅಂದ. ಆಮ್ಯಾಲ ಸಂಕೋಚದಿಂದ ಕೇಳಿದ: "ನಮ್ಮ ಹಳೇ ಬಲ್ಬು, ಗೀಜರ್ ನಿಮ್ಮ ಅಂಗಡ್ಯಾಗ ಬಿದ್ದಾವಲ್ರಿ, ಈ ತಿಂಗಳ ಮಟ್ಟಿಗೆ ಹಾಕಿ ಕೊಡ್ತೀರೇನು?"

ಸಾಹುಕಾರ್ರು ಚಾದ ಕಪ್ಪು ಕೆಳಗಿಟ್ಟರು. ಆಮ್ಯಾಲ ನಗಾಕ ಚಾಲೂ ಮಾಡಿದ್ರು. ನಕ್ಕೋತ ನಕ್ಕೋತ ಕಣ್ಣೀರು ಒರಸಿಕೊಂಡು, ಹೋಗಿ ತಗೊಂಡು ಬಾ ಅಂತ ನನಗ ಹೇಳಿದ್ರು. ಉಳಿಸೂದರಾಗ ಏನೂ ಉಳಿದಿರಲಿಲ್ಲ ನೋಡ್ರಿ.

ಬ್ಯಾಸಿಗಿ ಕಳಿಯೂದ್ರಾಗ ಅಂಗಡಿ ಹೋತು. ಈಗಲ್ಲಿ ಬಟ್ಟಿ ಮಾರ್ತಾರ. ಅದರ ಮುಂದ ಹಾಯ್ದಾಗೆಲ್ಲಾ ನನಗ ಅನಸ್ತದ, ಅಂಥಾ ಛಲೋ ಮನಷ್ಯಾಗ ಹಿಂಗಾಗಬಾರದಿತ್ತು.

ಆದ್ರ ಮಿಲಿಟರಿಯವರು ಒಂದು ಪೈಸಾನೂ ಕೊಡಲಿಲ್ಲ ಅಂದ್ರ ಸುಳ್ಳಾಗ್ತದ. ನಾವು ಹಾಕಿದ ಹೊಸಾ ಬಲ್ಬು ನಾವೇ ತೆಗೆದು ಹಳೇವು ಹಾಕಿದ್ವಲ್ಲ, ಅದರ ಮಜೂರಿ ಅವತ್ತೇ ಸಂಜೀಕ ರೋಖ್ ರೊಕ್ಕ ಕೈಗೆ ಕೊಟ್ಟರು. ಮಾರ್ಚ್ ಇತ್ತಲ್ಲ, ಅದೂ ಗ್ರ್ಯಾಂಟ್ ಮುಗಸೂ ಖರ್ಚಿನಾಗೇ ಬಂತು.